ಕಾಲಿನ ಮುಂದಿನ ಗೋಡೆ

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಕಾರು ಕಟ್ಟುವ ಹುಚ್ಚು ಹಿಡಿದಿತ್ತು. ಬಾಗಲಕೋಟೆಯ ನಮ್ಮ ಹಿತ್ತಲಿನಲ್ಲಿ ಹಳೆಯ ಜೀಪಿನ ಅಡಿ ಚೌಕಟ್ಟಿಗೆ ಬೇರೊಂದು ಗಾಡಿಯ ಎಂಜಿನ್ ಕೂಡಿಸಿ ಎರಡು ವರ್ಷ ಒದ್ದಾಡಿದೆ. ಕಡೆಗೆ ಉಳಿದದ್ದು ಎಂಜಿನ್ನಿಗೂ ಕೂತವರ ಕಾಲಿಗೂ ನಡುವಿನ ಗೋಡೆ. ಅದಕ್ಕೆ ಪ್ಲೈವುಡ್ಡೇ ಸರಿ ಎಂದು ತೀರ್ಮಾನಿಸಿದ್ದೆ. ಹಗುರ, ಕೊರೆಯಲು ಸುಲಭ. ಬಡಿಗತನ ಬಲ್ಲೆನೆಂಬ ಜಂಬ ಬೇರೆ.

ಆ ಗೋಡೆಯತ್ತ ಕಾಲು ಚಾಚಿ ಕೂಡಬೇಕಾದವಳು ನನ್ನ ಹೆಂಡತಿ. ಬಂದು ನೋಡಿದಳು.

"ಒಲಿ ಮುಂದ ಕಟಗಿ ಪಡದಾ ಕಟ್ತಾರೇನ್ರಿ ಯಾರರ?"

"ಇಳಕಲ್ಲಿನವ್ರಿಗೆ ಕಲ್ಲ ಬಿಟ್ರ ಬ್ಯಾರೆ ಗೊತ್ತಿಲ್ಲ. ನಿಮ್ಮಪ್ಪಗ ಹೇಳಿ ಒಂದು ಬಂಡೆ ತರಸ್ಲೇನು?" ಎಂದು ಅವಳ ತವರನ್ನು ಆಡಿಕೊಂಡೆ.

ಅವಳು ನಗಲಿಲ್ಲ. "ಹುನಗುಂದದ ಕಾಕಾನ್ನ ಕೇಳೂತನಕಾ ನಾ ಇದರಾಗ ಕೂಡಂಗಿಲ್ಲ" ಅಂದಳು.

ಕಾಕಾ ಎಂದರೆ ಅವಳ ಸೋದರತ್ತೆಯ ಓಣಿಯ ಮುದುಕ ಕಮ್ಮಾರ. ಬೆಲ್ಲ ಕುದಿಸುವ ಕೊಪ್ಪರಿಗೆಗಳಿಗೆ ತೇಪೆ ಹಾಕುವುದರಲ್ಲಿ ಎತ್ತಿದ ಕೈ. ತೇಪೆ ಹಾಕಿದ ಕೊಪ್ಪರಿಗೆ ಮೊದಲ ಸಲ ಕುದಿಯುವಾಗ ಅದರ ಪಕ್ಕದಲ್ಲಿ ತಾನೇ ಕೂಡುವುದು ಆತನ ರೂಢಿ. ಸೋರಿದರೆ ಮೊದಲು ತನ್ನ ಮೈಗೇ ಸಿಡಿಯಲಿ ಎಂಬ ಹಟ.

ಪ್ಲೈವುಡ್ಡಿನ ತುಂಡು ಹಿಡಿದು ಇಬ್ಬರೂ ಹೋದೆವು. ಕಾಕಾ ಅದನ್ನು ಕುಲುಮೆಯ ಬಾಯಿಗೆ ನಿಲ್ಲಿಸಿದ.

"ಕಟ್ಟಾವ್ರು ನೀವು. ಹಿಂದಿಂದ ಕಾಲ ನೀವ ಹಚ್ಚಬೇಕು, ಅಳಿಯಂದ್ರ."

ಬರಿಗಾಲು ಹಚ್ಚಿದೆ. ತಣ್ಣಗಿತ್ತು. ಗೆದ್ದೆನೆಂದು ಹೆಂಡತಿಯ ಕಡೆ ನೋಡುವಷ್ಟರಲ್ಲಿ ಹೊಗೆ ಎದ್ದಿತು. ಅಂಚು ಹತ್ತಿ ಉರಿಯತೊಡಗಿತು. ಆಮೇಲೆ ಕಾಕಾ ಹಳೆಯ ಕೊಪ್ಪರಿಗೆಯ ತಗಡು ನಿಲ್ಲಿಸಿದ. ಅದಕ್ಕೆ ಏನೂ ಆಗಲಿಲ್ಲ, ಆದರೆ ಅಂಗಾಲು ಚುರ್ ಎಂದು ನಾನು ಒಂಟಿಗಾಲಲ್ಲಿ ಕುಣಿದೆ. ಆಗ ಅವಳು ಬಿದ್ದು ಬಿದ್ದು ನಕ್ಕಳು.

"ಎರಡೂ ಬೇಕ್ರಿ. ಬೆಂಕಿ ಕಡೆ ಕಬ್ಣ, ಕಾಲ ಕಡೆ ಕಟಗಿ, ನಡುವ ಬೆರಳ ಹೋಗುವಷ್ಟು ಗಾಳಿ" ಎಂದ ಕಾಕಾ, ಆ ತಗಡನ್ನೇ ನನ್ನ ಅಳತೆಗೆ ಕತ್ತರಿಸಿಕೊಟ್ಟ. ಹಾಗೇ ಕಟ್ಟಿದೆ.

ಗಾಡಿ ತಯಾರಾದ ಮೇಲೆ ಒಂದು ಶನಿವಾರ ತುಳಸಿಗೇರಿಯ ಹನುಮಪ್ಪನಿಗೆ ಪೂಜೆ ಮಾಡಿಸಲು ಹೋದೆವು. ಅದೇ ಅದರ ಮೊದಲ ಓಟ. ಬರುವಾಗ ಪೆಟ್ರೋಲ್ ಪೈಪು ಕಳಚಿ, ಎಂಜಿನ್ ಧಗ್ಗೆಂದು ಹೊತ್ತಿಕೊಂಡಿತು. ಪೈಪು ಬಿಗಿದವನೂ ನಾನೇ. ಗಾಡಿ ನಿಲ್ಲಿಸಿ, ಅವಳನ್ನು ಇಳಿಸಿ, ಇಬ್ಬರೂ ರಸ್ತೆಬದಿಯ ಮಣ್ಣು ತೂರಿ ಬೆಂಕಿ ಆರಿಸಿದೆವು. ತಗಡು ಕಪ್ಪಿಟ್ಟಿತ್ತು. ಒಳಗಿನ ಹಲಗೆ ಬರೀ ಬೆಚ್ಚಗಿತ್ತು. ಅವಳನ್ನು ಕೂಡಿಸಿ ಕಾಲು ನೋಡಿದೆ. ಪೂಜೆಗೆಂದು ಹಚ್ಚಿಕೊಂಡ ಅರಿಶಿಣ ಹಾಗೇ ಇತ್ತು. ಅವಳು ನನ್ನ ಮಾತು ಕೇಳಿದ್ದರೆ ಆ ಕಾಲಿನ ಮುಂದೆ ಬರೀ ಪ್ಲೈವುಡ್ಡಿರುತ್ತಿತ್ತು. ಅವಳ ಹಟಕ್ಕೆ ನಾನು ಋಣಿ.

ಮರುದಿನವೇ ಹುನಗುಂದದ ಬಸ್ಸು ಹತ್ತಿದೆ. ಪೈಪು ಕಳಚಿದ ಕಥೆ ಶುರು ಮಾಡಿದ್ದೆ, ಕಾಕಾ ತಡೆದ.

"ಗಾಡಿ ಸುದ್ದಿ ಆಮ್ಯಾಲ. ನಮ್ಮ ಮಗಳ ಕಾಲು?"

"ನೆಟ್ಟಗ ಅದಾವ, ಕಾಕಾ."

ಆತ ಇಕ್ಕಳ ಕೆಳಗಿಟ್ಟ. "ಮೊದಲ್ನೇ ಓಟಕ್ಕ ನಾ ಬಾಜೂಕ ಕೂಡಬೇಕಿತ್ತು. ಅದೊಂದು ಮನಸ್ಸಿಗೆ ಹತ್ತಿತ್ತು ನೋಡ್ರಿ."

ನಾನು ಬಗ್ಗಿ ಆತನ ಕಾಲು ಹಿಡಿದೆ. ಪಾದದ ತುಂಬ ಹಳೆಯ ಸುಟ್ಟ ಕಲೆಗಳಿದ್ದವು.