ಚಂದ್ರಾಮನ ಶ್ರುತಿಗೆ ಇಳಿದ ನೀಲವ್ವ

ನೀಲವ್ವನ ಹಾಡು ಅವಳ ಬಲಗೈಯಿಂದ ಆರಂಭವಾಗುತ್ತಿತ್ತು. ಕಂಠ ತೆರೆಯುವ ಮೊದಲೇ ಆ ಕೈ ಗಾಳಿಯಲ್ಲಿ ಕಾಣದೊಂದು ಗೂಟವನ್ನು ಹಿಡಿದು ಮೆಲ್ಲನೆ ಸುತ್ತತೊಡಗುತ್ತಿತ್ತು. ಅದು ಬೀಸುವ ಕಲ್ಲಿನ ಗೂಟ. ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆಮೇಲೆ ಎಲ್ಲಿಂದಲೋ, ದೂರದ ಬಿಳಿಜೋಳದ ಹೊಲವೊಂದರಿಂದ ಎಂಬಂತೆ, ಸ್ವರ ಬರುತ್ತಿತ್ತು.

ಡೊಂಬಿವಲಿಯ ನಮ್ಮ ಭಜನಾಮಂದಿರಕ್ಕೆ ಅವಳು ಒಂದು ಶನಿವಾರ ಸಂಜೆ ತಾನಾಗಿಯೇ ಬಂದು ಬಾಗಿಲ ಬಳಿ ಕುಳಿತಳು. ಹುಟ್ಟೂರು ಸಿಂದಗಿಯ ಕಡೆ, ಬಿಡಾರ ವಿಠ್ಠಲವಾಡಿ. ರಬಾಳೆಯ ಕಾರ್ಖಾನೆಯೊಂದರಲ್ಲಿ ಔಷಧದ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ. ಲೋಕಲ್ ಗಾಡಿಯಿಂದ ಇಳಿದು ಬೆವರಿನಲ್ಲೇ ಬಂದಿದ್ದಳು. ದೇವರ ಮುಂದೆ ಒಂದು ಪದ ಹೇಳು ಎಂದೆ. ಕೈ ಸುತ್ತತೊಡಗಿತು. ನಾನು ಮಂದಿರದ ಅರ್ಚಕ, ಉಡುಪಿಯಲ್ಲಿ ಕಠಿಣ ಗುರುಗಳ ಬಳಿ ಸಂಗೀತ ಕಲಿತವನು. ಕೈಯನ್ನು ತೊಡೆಯ ಮೇಲಿಟ್ಟು ತಾಳ ಹಾಕಲು ಹೇಳಿದೆ. ವಿಧೇಯಳಾಗಿ ಹಾಕಿದಳು, ಹಾಡು ಅಲ್ಲಿಯೇ ನಿಂತುಹೋಯಿತು. ಕೈಯನ್ನು ಅದರ ಪಾಡಿಗೆ ಬಿಡು ಎಂದಾಗ ಮತ್ತೆ ಹರಿಯಿತು, ತಾರಸ್ಥಾಯಿಗೆ ಏರಿ ಅಲ್ಲಿ ದೀಪದ ಕುಡಿಯಂತೆ ನಿಶ್ಚಲವಾಗಿ ನಿಂತಿತು. ಹೊರಗೆ ಗಾಡಿಯೊಂದು ಹಾದುಹೋದದ್ದು ನಮಗಾರಿಗೂ ಕೇಳಿಸಲಿಲ್ಲ.

ಹಾಡುವ ಮುನ್ನ ಅವಳ ತುಟಿ ಏನನ್ನೋ ಜಪಿಸುವಂತೆ ಅಲುಗುತ್ತಿತ್ತು. ಏನದು ಎಂದು ಕೇಳಿದೆ.

“ಬರೇ ಕಲ್ಲ ತಿರವಬಾರದ್ರಿ ಅಜ್ಜಾರ,” ಎಂದಳು. “ಮನಿಗಿ ಛಲೋ ಅಲ್ಲ. ಒಂದ ಹಿಡಿ ಜ್ವಾಳ ಹಾಕೇ ತಿರವಬೇಕು.”

“ಇಲ್ಲಿ ಜೋಳವೆಲ್ಲಿದೆ?”

“ಯಾರ್ನರ ನೆನಸ್ತೀನ್ರಿ. ಅದ ನನ್ನ ಜ್ವಾಳ.”

ಒಂದು ದಿನ ತಾಯಿಯನ್ನು, ಒಂದು ದಿನ ಪಕ್ಕದ ಖೋಲಿಯ ಬಸುರಿಯನ್ನು, ಒಂದು ದಿನ ಸುಮ್ಮನೆ ವಿಠ್ಠಲನನ್ನು. ನೆನೆದವರಿಗೆ ತಕ್ಕಂತೆ ಹಾಡಿನ ಬಣ್ಣ ಬೇರೆಯಾಗುತ್ತಿತ್ತು. ನಾನು ಶಾಸ್ತ್ರಗ್ರಂಥಗಳಲ್ಲಿ ಓದಿದ್ದ ಭಾವವೆಂಬುದು ಹೀಗೆ ಹಿಡಿಜೋಳವಾಗಿ ನನ್ನೆದುರು ಕುಳಿತಿತ್ತು.

ದೊಡ್ಡ ವೇದಿಕೆಯಲ್ಲಿ ಹಾಡಬೇಕು, ತನ್ನ ಪದಗಳು ಧ್ವನಿಮುದ್ರಣಗೊಂಡು ಊರೂರಿಗೆ ತಲುಪಬೇಕು ಎಂಬ ಆಸೆ ಅವಳಿಗಿತ್ತು. ಅದನ್ನು ಅವಳು ಮುಚ್ಚಿಡಲೂ ಇಲ್ಲ. ಕನ್ನಡ ತಿಳಿದರೂ ಮರಾಠಿಯಲ್ಲೇ ಉತ್ತರಿಸುವ ನನ್ನ ಮೊಮ್ಮಗಳು ಅವಳದೊಂದು ಹಾಡನ್ನು ಮೊಬೈಲಿನಲ್ಲಿ ಹಿಡಿದಳು. ಅದು ಕೈಯಿಂದ ಕೈಗೆ ಸಾಗಿ ಚಂದ್ರಾಮನ ಕಿವಿಗೆ ಬಿತ್ತು.

ಚಂದ್ರಾಮ ಜನಪದದ ದೊರೆಯೆನಿಸಿದ್ದವನು. ಕಲಬುರಗಿ, ವಿಜಯಪುರಗಳಿಂದ ಬಂದ ಕೂಲಿಕಾರರ ಖೋಲಿಗಳಲ್ಲಿ ಅವನ ದನಿ ಕೇಳದ ಸಂಜೆಯಿರಲಿಲ್ಲ. ಕುಡಿತ ಅವನನ್ನು ಹಿಡಿಯಿತು. ಒಪ್ಪಿದ ಕಾರ್ಯಕ್ರಮಗಳಿಗೆ ಹೋಗದಾದ. ಕೊನೆಗೆ ಕಂಠವೇ ಒಡೆಯಿತು. ಆಗವನು ಕಲ್ಯಾಣದಲ್ಲಿ ಅಕ್ಕನ ಮನೆ ಸೇರಿದ್ದ. ಮಾಜಿವಾಡಾದ ಸಭಾಗೃಹವೊಂದರಲ್ಲಿ ನಮ್ಮವರು ಅವನ ಕಾರ್ಯಕ್ರಮವಿಟ್ಟಾಗ, ಜೊತೆಗೆ ಆ ಬೀಸುವ ಪದದ ಹುಡುಗಿ ಬೇಕೆಂದು ಅವನೇ ಕೇಳಿದನಂತೆ. ಧ್ವನಿಮುದ್ರಣದ ಉದ್ಯಮಿಯೊಬ್ಬರು ಅವಳನ್ನು ಕೇಳಲೆಂದೇ ಬರುವವರಿದ್ದರು.

ಕಾರ್ಯಕ್ರಮದ ದಿನ ಬೆಳಿಗ್ಗೆ ಅಭ್ಯಾಸಕ್ಕೆ ಹೋದಾಗ ವಿಷಯ ತಿಳಿಯಿತು. ಚಂದ್ರಾಮ ಹಾಡುವುದಿಲ್ಲ, ಅವನ ಹಳೆಯ ಧ್ವನಿಮುದ್ರಿಕೆ ನುಡಿಯುತ್ತದೆ, ಅವನು ತುಟಿ ಆಡಿಸುತ್ತಾನೆ. ನೀಲವ್ವ ಕೇಳಿಸಿಕೊಂಡಳು. ತೆಳ್ಳನೆಯ, ಕಣ್ಣ ಕೆಳಗೆ ಕಪ್ಪಿಟ್ಟ ಆ ಮನುಷ್ಯನ ಎದುರಿಗೆ ಹೋಗಿ ನಿಂತು, ಬರಿಗಲ್ಲು ತಿರುವಲು ತನ್ನಿಂದಾಗದು ಎಂದು ಮೆತ್ತಗೆ ಹೇಳಿದಳು.

“ನನ್ನ ದನಿ ಸತ್ತೈತವಾ,” ಎಂದ ಚಂದ್ರಾಮ.

“ಸತ್ತಿದ್ರ ಮಣ್ಣ ಮಾಡೂಣ್ರಿ. ಮದಲ ಒಮ್ಮಿ ಕೇಳೂಣು.”

ಅವನಿಗೆ ನಗು ಬಂತು. ಅನೇಕ ವರ್ಷಗಳ ಮೇಲೆ ತಮ್ಮ ನಕ್ಕದ್ದು ಅದೇ ಮೊದಲೆಂದು ಅವನ ಅಕ್ಕ ಆಮೇಲೆ ನನಗೆ ಹೇಳಿದರು.

ಸಂಜೆ ಧ್ವನಿಮುದ್ರಿಕೆ ನುಡಿಯಲಿಲ್ಲ. ಚಂದ್ರಾಮ ಬಾಯಿ ತೆರೆದಾಗ ಬಂದದ್ದು ಒಣಗಿದ, ಬಿರಿದ, ಬಹಳ ಕೆಳಗಿನ ದನಿ. ಸಭೆಯಲ್ಲಿ ಗುಜುಗುಜು ಎದ್ದಿತು. ಈಗ ನೀಲವ್ವ ತನ್ನ ಎತ್ತರದ ನೆಲೆಯಿಂದ ಎತ್ತಿಕೊಂಡರೆ ಅವನು ಅಲ್ಲಿಗೇ ಮುಗಿದಂತೆ ಎಂದುಕೊಂಡೆ. ಅವಳ ಕೈ ಸುತ್ತಿತು. ಅವನ ಶ್ರುತಿಗೇ ಇಳಿದು, ಅವನ ದನಿಯ ಬಿರುಕಿನ ಪಕ್ಕದಲ್ಲೇ ತನ್ನ ದನಿಯನ್ನಿಟ್ಟಳು. ಕಡೆಯವರೆಗೂ ಮೇಲೇರಲಿಲ್ಲ. ಗುಜುಗುಜು ಅಡಗಿತು, ಮುಂದಿನ ಸಾಲಿನಲ್ಲಿ ಹೊರೆ ಹೊರುವ ವೃದ್ಧನೊಬ್ಬ ಅಳುತ್ತಿದ್ದ. ಆ ತಾರಸ್ಥಾಯಿಯನ್ನು ಅರಸಿ ಬಂದಿದ್ದ ಉದ್ಯಮಿ ಮಾತ್ರ ನಡುವೆಯೇ ಎದ್ದುಹೋದರು.

ಹಿಂದಿರುಗುವಾಗ ಗಾಡಿಯಲ್ಲಿ ನಾನು ಅದನ್ನೇ ಹೇಳಿ ಮರುಗಿದೆ. ಅವಳು ಕಿಟಕಿಯಾಚೆ ನೋಡುತ್ತ, “ಅವ್ರಿಗಿ ಮ್ಯಾಲ ಬರಾಕ ಆಗ್ಲಿಲ್ರಿ ಅಜ್ಜಾರ. ನಾನ ಇಳದ್ನಿ,” ಎಂದಳು. ಇಂದು ಯಾರನ್ನು ನೆನೆದೆ ಎಂದು ಕೇಳಿದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಮ್ಮ ಮಂದಿರದಲ್ಲೇ ಅವರ ಮದುವೆಯಾಯಿತು. ಚಂದ್ರಾಮ ಕುಡಿತ ಬಿಟ್ಟ. ಒಮ್ಮೆ ಜಾರಿದ, ಮತ್ತೆ ಬಿಟ್ಟ. ಶನಿವಾರ ತಪ್ಪದೆ ಇಬ್ಬರೂ ಬಂದು ಹಾಡುತ್ತಿದ್ದರು, ಯಾವಾಗಲೂ ಅವನ ಶ್ರುತಿಯಲ್ಲಿ. ಅವಳ ಮುಖದಲ್ಲಿ ತೃಪ್ತಿಯಿತ್ತು. ನನ್ನೊಳಗೆ ಮಾತ್ರ ಒಂದು ಸಂಕಟ ಬೆಳೆಯಿತು. ಭಗವಂತ ಕೊಟ್ಟ ಆ ಎತ್ತರದ ಸ್ವರ ಒಬ್ಬನ ಪ್ರೀತಿಯ ಅಡಿಯಲ್ಲಿ ಹೂತುಹೋಗುವುದೇ? ಕೇಳುವ ಅಧಿಕಾರ ನನಗಿರಲಿಲ್ಲ. ಕಲಿತದ್ದನ್ನು ಬಹುದಿನ ಹಾಡದಿದ್ದರೆ ಕಂಠ ಅದನ್ನು ಮರೆಯುತ್ತದೆಂಬುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿದ್ದಿರಬೇಕು.

ಅವರು ಇಲ್ಲಿಂದ ಹೋಗಿ ಎರಡು ಮಳೆಗಾಲ ಕಳೆದವು. ಇಂಡಿ ತಾಲೂಕಿನ ಮಠವೊಂದರಲ್ಲಿ ಮಕ್ಕಳಿಗೆ ಪದ ಕಲಿಸುವ ಕೆಲಸ ಇಬ್ಬರಿಗೂ ದೊರೆಯಿತು. ಹೊರಡುವ ದಿನ ಮುಂಜಾನೆ ಗಂಟುಮೂಟೆಯೊಂದಿಗೆ ಮಂದಿರಕ್ಕೆ ಬಂದರು. ನಾನು ಆಗಷ್ಟೇ ಪೂಜೆ ಮುಗಿಸಿದ್ದೆ. ತೊಯ್ದ ತುಳಸಿಯ ವಾಸನೆಯಿತ್ತು. ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಮಲಗಿತ್ತು. ಚಂದ್ರಾಮ ಏಕತಾರಿಯನ್ನು ಹೊರತೆಗೆದ. ಅದರ ತಂತಿಯೂ ಅವನ ಕಂಠಕ್ಕೆ ತಕ್ಕಂತೆ ಸಡಿಲವಾಗಿಯೇ ಇರುತ್ತಿತ್ತು. ನೀಲವ್ವ ಎಂದಿನ ಕೆಳಗಿನ ನೆಲೆಯಲ್ಲಿ ಸ್ವರ ಹಿಡಿಯುವಷ್ಟರಲ್ಲಿ ಅವನು ಕೈಯೆತ್ತಿ ತಡೆದ.

“ಇವತ್ತ ನಾ ಹಾಡೂದಿಲ್ಲ,” ಎಂದ. “ನಿಂದು ಎಲ್ಲೈತಿ, ಅಲ್ಲಿಂದ ಹಾಡು. ನಾ ಕೇಳ್ತೀನಿ.”

“ಈಗ ಬರತೈತೋ ಇಲ್ಲೋ,” ಎಂದಳು ಅವಳು, ತಲೆ ತಗ್ಗಿಸಿ.

ಅವನು ಏಕತಾರಿಗೆ ಕಿವಿಯಾನಿಸಿ ಬಿರಡೆಯನ್ನು ತಿರುವಿದ, ಮೀಟಿದ, ಮತ್ತೆ ತಿರುವಿದ. ತಂತಿ ಏರುತ್ತ ಏರುತ್ತ ಹೋಯಿತು. ಹರಿಯುವುದೇನೋ ಎಂದು ನಾನು ಹೆದರಿ ದೇವರ ಕಡೆ ನೋಡಿದೆ. ಹರಿಯಲಿಲ್ಲ. ಅವಳ ನೆಲೆ ಅವನಿಗೆ ನೆನಪಿತ್ತು, ಕೂದಲೆಳೆಯಷ್ಟೂ ತಪ್ಪದೆ. ನೀಲವ್ವ ಅವನನ್ನೇ ನೋಡುತ್ತ ಕುಳಿತಿದ್ದಳು. ಆಮೇಲೆ, ಕಣ್ಣು ಮುಚ್ಚದೆಯೇ, ಆ ನೆಲೆಯಿಂದಲೇ ಹಾಡಿದಳು.