ಸುಣ್ಣದ ಗುರುತಿನ ಹನ್ನೆರಡು ಕಾಯಿ

ಮೊನ್ನೆ ಮಂಡಿಯವನು ನನ್ನ ಅಟ್ಟದ ಕೊಬ್ಬರಿ ನೋಡಲು ಮನೆಗೆ ಬಂದಿದ್ದ. ಒಂದು ಉಂಡೆ ಕೊಬ್ಬರಿಯ ಗಿಟುಕು ಒಡೆದು ಮೂಗಿಗೆ ಹಿಡಿದವನು ಮುಖ ಕಿವುಚಿದ. ನಾನೂ ಮೂಸಿದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಅದರ ಹಿಂದೆಯೇ ಆ ಮನುಷ್ಯ ನೆನಪಾದರು... ಕಸದ ಸಾಹೇಬರು.

ನಾವು ಹೆಂಗಸರು ಅವರನ್ನು ಹಾಗೆಯೇ ಕರೆಯುತ್ತಿದ್ದೆವು, ಎದುರಿಗೇ. ಅವರು ನಗುತ್ತಿದ್ದರು. ಪಟ್ಟಣದ ಕಸವನ್ನು ಹಸಿ ಬೇರೆ, ಒಣ ಬೇರೆ ಮಾಡಿ, ಹಸಿಯದನ್ನು ಗೊಬ್ಬರ ಮಾಡುವ ಘಟಕವೊಂದನ್ನು ನಮ್ಮೂರ ಗೋಮಾಳದಲ್ಲಿ ಕಟ್ಟಬೇಕೆಂದು ಬಂದ ಇಂಜಿನಿಯರು. ಮೊದಲ ದಿನ ಜಾಗ ಅಳೆಯಲು ಬಂದಾಗ ಜೀಪಿನ ಮುಂದೆ ಮೊದಲು ಕೂತವಳು ನಾನೇ. ನನ್ನನ್ನು ನೋಡಿ ಉಳಿದವರು ಕೂತರು.

“ಕಸ ಹಾಕಕ್ಕೆ ನಮ್ಮೂರೇ ಬೇಕಾಗಿತ್ತೇನ್ರೀ? ನಿಮ್ಮನೆ ಹಿತ್ತಲಿಲ್ವಾ?” ಎಂದು ಕೇಳಿದೆ.

“ನಂದು ಬಾಡಿಗೆ ಮನೆ ಅಮ್ಮಾ, ಹಿತ್ತಲೇ ಇಲ್ಲ,” ಎಂದರು. ಕೂತಿದ್ದವರು ನಕ್ಕುಬಿಟ್ಟರು. ನನಗೆ ಸಿಟ್ಟು ಇನ್ನೂ ಏರಿತು.

ಜೀಪು ವಾಪಸು ಹೋಯಿತು. ಆದರೆ ಅವರು ಮತ್ತೆ ಬಂದರು. ಪೊಲೀಸರನ್ನು ಕರೆದುಕೊಂಡಲ್ಲ, ಒಬ್ಬರೇ, ಬೈಕಿನಲ್ಲಿ. ಒಂದೊಂದು ಮನೆಯ ಜಗಲಿಯ ಮೇಲೆ ಕೂತು, ನಿಮಗೆ ಯಾವುದರ ಭಯ ಎಂದು ಕೇಳಿ ಬರೆದುಕೊಂಡರು. ನೊಣ ಎಂದರು ಕೆಲವರು, ಬೋರ್‌ವೆಲ್ ನೀರು ಕೆಡುತ್ತದೆ ಎಂದರು ಕೆಲವರು. ಎಲ್ಲದಕ್ಕೂ ಅವರ ಬಳಿ ಉತ್ತರವಿತ್ತು. ನಾನು ಅವರನ್ನು ಏಣಿ ಹತ್ತಿಸಿ ಅಟ್ಟ ತೋರಿಸಿದೆ. ನಮ್ಮಲ್ಲಿ ಕಾಯಿಯನ್ನು ಸಿಪ್ಪೆ ಸಮೇತ ವರ್ಷದ ಹತ್ತಿರ ಅಟ್ಟದಲ್ಲಿ ಇಡುತ್ತೇವೆ, ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ.

“ಅಷ್ಟು ದಿನ ನಿಮ್ಮ ಕಸದ ಗಾಳಿ ಕುಡಿದ್ರೆ ಕೊಬ್ರಿ ಕಮಟಾಯ್ತದೆ. ಆಮೇಲೆ ಮಂಡೀಲಿ ಯಾವನು ಮುಟ್ತಾನೆ?” ಎಂದೆ.

“ಅದು ನಂಗೆ ಗೊತ್ತಿಲ್ಲಮ್ಮಾ,” ಎಂದರು. ಅಧಿಕಾರಿಯೊಬ್ಬರ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೊಂದೇ ಸಲ. “ನೋಡೇಬಿಡೋಣ. ಹನ್ನೆರಡು ಕಾಯಿ ಕೊಡಿ.”

ಬೇರೊಂದು ಊರಿನಲ್ಲಿ ಅಂಥದೇ ಘಟಕ ನಡೆಯುತ್ತಿತ್ತಂತೆ. ಅದರ ಕಾವಲುಗಾರನ ಮನೆಯಲ್ಲಿ ಅಟ್ಟ ಕಟ್ಟಿಸಿ ನನ್ನ ಕಾಯಿ ಇಡುವುದು, ವರ್ಷ ತುಂಬಿದ ಮೇಲೆ ಊರ ಮುಂದೆ ಒಡೆಯುವುದು, ಅಲ್ಲಿಯವರೆಗೆ ಗೋಮಾಳಕ್ಕೆ ಒಂದು ಗುದ್ದಲಿಯೂ ಬೀಳಬಾರದು ಎಂದು ಮಾತಾಯಿತು. ಒಡೆದು ತೀರ್ಪು ಹೇಳುವವರು ಯಾರು ಎಂದಾಗ ಊರೆಲ್ಲ ನನ್ನ ಕಡೆ ಕೈ ತೋರಿಸಿತು. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಊರಲ್ಲಿ ಯಾರ ಕೊಬ್ಬರಿಯಾದರೂ ಮೂಸಿ ಹೇಳುತ್ತಿದ್ದವಳು ನಾನೇ. ಮೂಗಿಗೆ ಓದು ಬೇಡವಲ್ಲ. ಕಾಯಿ ಬದಲಾಯಿಸಿಬಿಟ್ಟಾರೆಂದು ಒಂದೊಂದಕ್ಕೂ ಸುಣ್ಣದಲ್ಲಿ ಗುರುತು ಹಾಕಿ ಕೊಟ್ಟೆ.

ಆ ವರ್ಷದಲ್ಲಿ ನಾಲ್ಕೈದು ಸಲ ಬಂದು ಹೋದರು. ನಮ್ಮ ಮನೆಯಲ್ಲೇ ಊಟ. ಮುದ್ದೆಯನ್ನು ಅಗಿದು ತಿನ್ನುತ್ತಿದ್ದರು. ಬೈದು, ನುಂಗುವುದನ್ನು ಕಲಿಸಿದೆ.

ವರ್ಷ ತುಂಬಿದ ದಿನ ಶಾಲೆಯ ಅಂಗಳದಲ್ಲಿ ಊರು ಸೇರಿತು. ಸುಣ್ಣದ ಗುರುತು ಹಾಗೇ ಇತ್ತು. ಒಂದೊಂದೇ ಸುಲಿಸಿ, ಚಿಪ್ಪು ಒಡೆದು, ಗಿಟುಕು ಸೀಳಿ ಮೂಸಿದೆ. ಹನ್ನೆರಡೂ ಚೆನ್ನಾಗಿದ್ದವು. ನನ್ನ ಅಟ್ಟದ ಕೊಬ್ಬರಿಗಿಂತ ಒಂದು ಕೈ ಮೇಲೆಂದರೂ ಸುಳ್ಳಲ್ಲ.

ತಲೆ ಎತ್ತಿದೆ. ಜೀಪಿನ ಮುಂದೆ ನನ್ನ ಜೊತೆ ಕೂತಿದ್ದ ಹೆಂಗಸರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ನನ್ನ ಮೈದುನನ ತೋಟ ಗೋಮಾಳದ ಮಗ್ಗುಲಿಗೇ ಇತ್ತು. ಅವನು, “ಹೇಳತ್ತಿಗೆ, ಕಮಟು ತಾನೇ?” ಎಂದ.

“ಹೂಂ. ಕಮಟು,” ಎಂದೆ.

ತಪ್ಪನ್ನು ಮೈದುನನ ಮೇಲೆ ಹಾಕುವುದಿಲ್ಲ. ಚೆನ್ನಾಗಿದೆ ಎಂದಿದ್ದರೆ ಜೀಪು ತಡೆದವಳದೇ ತಪ್ಪು ಎಂದಾಗುತ್ತಿತ್ತು. ಕಾರಣ ಅಷ್ಟೇ.

ಸಾಹೇಬರು ನನ್ನ ಕೈಯಲ್ಲಿದ್ದ ಹೋಳು ತೆಗೆದುಕೊಂಡು ಒಂದು ಚೂರು ಕಚ್ಚಿದರು. ನಿಧಾನವಾಗಿ ಅಗಿದರು. ನನ್ನ ಮುಖ ನೋಡಿದರು... ಅದನ್ನೇ ಜನರಿಗೆ ಹಂಚಿದ್ದರೆ ನನ್ನ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಹಂಚಲಿಲ್ಲ.

“ನಿಮ್ಮ ಮೂಗಿಗೇ ಬಿಟ್ಟಿದ್ದೆ ಅಮ್ಮಾ. ಆಯ್ತು,” ಎಂದು ಚೀಲ ಮಡಚಿಕೊಂಡು ಹೊರಟರು. ಮೈದುನ ಉಳಿದದ್ದನ್ನೆಲ್ಲ ಬಾಚಿ ತಿಪ್ಪೆಗೆ ಎಸೆದ. ಬೇರೆ ಯಾರೂ ಮೂಸಿ ನೋಡಲಿಲ್ಲ. ಅವತ್ತು ಅವರು ಊಟಕ್ಕೂ ನಿಲ್ಲಲಿಲ್ಲ.

ಘಟಕ ಬರಲಿಲ್ಲ. ಅವರಿಗೆ ವರ್ಗವಾಯಿತು. ಕಸ ಮಾತ್ರ ಬಂತು. ಹಸಿ ಒಣ ಎಲ್ಲ ಕಲೆಸಿಕೊಂಡು ಟ್ರ್ಯಾಕ್ಟರಿನಲ್ಲಿ ತಂದು ಕೆರೆ ಏರಿಯ ಹಿಂದೆ ಸುರಿಯುತ್ತಾರೆ, ರಾಶಿ ಹೆಚ್ಚಾದರೆ ಬೆಂಕಿ ಹಚ್ಚುತ್ತಾರೆ. ಈ ಸಲ ಯಾರೂ ಜಗಲಿಯ ಮೇಲೆ ಕೂತು ನಮ್ಮ ಭಯ ಕೇಳಲಿಲ್ಲ. ಹೊಗೆ ನೆಟ್ಟಗೆ ನಮ್ಮ ಅಟ್ಟಕ್ಕೇ ಬರುತ್ತದೆ.

ಸಾಹೇಬರು ತೀರಿಕೊಂಡ ಸುದ್ದಿ ಹೋದ ವರ್ಷ ತುರುವೇಕೆರೆಗೆ ಪಹಣಿ ತರಲು ಹೋದಾಗ ಸಿಕ್ಕಿತು. ಬದುಕಿದ್ದಾಗ ಒಂದು ಕಾಗದ ಬರೆಸಬಹುದಿತ್ತು. ಬರೆಸಲಿಲ್ಲ.

ಮಂಡಿಯವನು ಗಿಟುಕನ್ನು ಕೆಳಗಿಟ್ಟು ಕೈ ಒರೆಸಿಕೊಂಡ. “ಅಲ್ಲಾ ಅಜ್ಜಿ, ಊರಿಗೆಲ್ಲ ಮೂಸಿ ಹೇಳೋರು ನೀವು. ಈ ವಾಸ್ನೆ ನಿಮ್ಗೇ ಗೊತ್ತಾಗ್ಲಿಲ್ವಾ?”

“ಗೊತ್ತಾಗಿತ್ತು ಕಣಪ್ಪ,” ಎಂದೆ. “ಆವತ್ತೂ ಗೊತ್ತಾಗಿತ್ತು.”

ಅವನಿಗೆ ಅರ್ಥವಾಗಲಿಲ್ಲ. ಹೇಳಬೇಕಾಗಿದ್ದವರಿಗೆ ಹೇಳದೆ ಇವನಿಗೆ ಹೇಳಿ ಏನು ಬಂತು...