ಅತ್ಯಾ ಇಡುತ್ತಿದ್ದ ತುತ್ತು

ಮುರಗೋಡದ ನಮ್ಮ ಮನೆಯಲ್ಲಿ ಮಡಿಯೆಂದರೆ ಅಪ್ಪನ ತಂಗಿ. ನಾವು ಅತ್ಯಾ ಎನ್ನುತ್ತಿದ್ದೆವು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಅಡುಗೆಮನೆಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತಣ್ಣೀರು ಸುರಿದುಕೊಂಡು, ಮಡಿಸೀರೆ ಉಟ್ಟು ಒಲೆಯ ಮುಂದೆ ಕುಳಿತರೆಂದರೆ ನಾವು ಹುಡುಗರು ಹೊಸ್ತಿಲು ದಾಟುವಂತಿರಲಿಲ್ಲ. ನಮ್ಮನ್ನು ಕೊಳಕು ಮಂಗಗಳೆಂದೇ ತಿಳಿದಿದ್ದರು, ಅದೇನೂ ಸುಳ್ಳಾಗಿರಲಿಲ್ಲ.

ಸಂಜೆಯ ಊಟಕ್ಕೆ ಮಾತ್ರ ಅವರು ನಮ್ಮವರಾಗುತ್ತಿದ್ದರು. ದೊಡ್ಡ ಬೋಗುಣಿಯಲ್ಲಿ ಅನ್ನಕ್ಕೆ ಮೊಸರು, ಮೆಂತ್ಯದ ಹಿಟ್ಟು ಹಾಕಿ ಕಲಸಿ, ಸುತ್ತ ಕುಳಿತ ನಮ್ಮ ಅಂಗೈಗೆ ತುತ್ತು ಇಡುತ್ತಿದ್ದರು. ಹೆಬ್ಬೆರಳಿನಿಂದ ತುತ್ತಿನ ನಡುವೆ ಗುಳಿ ಮಾಡಿ ಉಪ್ಪಿನಕಾಯಿಯ ರಸ ತುಂಬುತ್ತಿದ್ದರು. ಆ ರುಚಿಗಾಗಿ ನಾನು ಇಂದಿಗೂ ಹಪಹಪಿಸುತ್ತೇನೆ.

ಆದರೆ ನಮ್ಮ ಮನೆಗೆ ಟೈಫಾಯಿಡ್ ತಪ್ಪುತ್ತಿರಲಿಲ್ಲ. ನನಗೆ ಬಂತು, ಅಣ್ಣನಿಗೆ ಬಂತು, ಸೊಸೆಯಾಗಿ ಬಂದ ನನ್ನ ಹೆಂಡತಿಗೂ ಬಂತು. ಬಾವಿಯನ್ನು ಬೈದೆವು, ಸಂತೆಯ ಕಬ್ಬಿನ ಹಾಲನ್ನು ಬೈದೆವು. ಕೊನೆಗೆ ಅಣ್ಣನ ಮಗಳು ಮೂರು ವಾರ ಜ್ವರದಲ್ಲಿ ಬೆಂದು, ಕರುಳು ತೂತಾಗಿ, ಆಪರೇಷನ್ ಆಗಿ ಬದುಕಿ ಬಂದಳು. ಆಗ ಬೈಲಹೊಂಗಲದ ಡಾಕ್ಟರು ಮನೆಯವರೆಲ್ಲರ ಮಲ ಪರೀಕ್ಷೆ ಮಾಡಿಸಿದರು. ರೋಗಾಣು ಸಿಕ್ಕಿದ್ದು, ನಮಗೆ ನೆನಪಿರುವಂತೆ ಒಂದು ದಿನವೂ ಜ್ವರವೆಂದು ಮಲಗದ ಅತ್ಯಾನಲ್ಲಿ.

ಎಂದೋ ಬಂದುಹೋದ ಜ್ವರದ ರೋಗಾಣು ಕೆಲವರ ಪಿತ್ತಕೋಶದಲ್ಲಿ ಮನೆ ಮಾಡಿಕೊಂಡಿರುತ್ತದೆ, ಅವರಿಗೆ ಏನೂ ಮಾಡದೆ ಮಲದಲ್ಲಿ ಹೊರಬೀಳುತ್ತಿರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಕುದಿಯುವ ಸಾರಿನಲ್ಲಿ ಅದು ಸಾಯುತ್ತದೆ. ಕೈಯಿಂದ ಕಲಸಿದ ತಣ್ಣನೆಯ ಅನ್ನದಲ್ಲಿ ಸಾಯುವುದಿಲ್ಲ. ಅತ್ಯಾ ದಿನಕ್ಕೆ ಹತ್ತು ಸಲ ಕೈ ತೊಳೆಯುತ್ತಿದ್ದರು, ಆದರೆ ಬರೀ ನೀರಿನಿಂದ. ಸೋಪಿನಲ್ಲಿ ಪ್ರಾಣಿಗಳ ಕೊಬ್ಬು ಇರುತ್ತದೆಂದು ಮಡಿಯಲ್ಲಿ ಅದನ್ನು ಮುಟ್ಟುತ್ತಿರಲಿಲ್ಲ.

ಆ ವರದಿ ಹಿಡಿದು ಮನೆಗೆ ಬಂದವನು ನಾನು. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಬಹುದಿತ್ತು. ಮಗುವಿನ ಹೊಟ್ಟೆಯ ಹೊಲಿಗೆ ಕಣ್ಣಮುಂದಿತ್ತು, ಸಿಟ್ಟು ನೆತ್ತಿಗೇರಿತ್ತು. ಊಟಕ್ಕೆ ಕುಳಿತ ಎಲ್ಲರ ಎದುರಿಗೇ ಹೇಳಿದೆ.

"ಅತ್ಯಾ, ಇನ್ನ ನೀವು ಅಡಗಿಮನಿಗೆ ಬರಬ್ಯಾಡ್ರಿ. ನಿಮ್ಮ ಕೈಯಿಂದನ ಎಲ್ಲಾರಿಗೂ ಜಡ್ಡು ಬರಲಿಕ್ಕೆ ಹತ್ತೇದ."

ಕಲಸುತ್ತಿದ್ದ ಕೈ ಬೋಗುಣಿಯಲ್ಲೇ ನಿಂತಿತು. ಅತ್ಯಾ ಎದ್ದು, ಆ ಅನ್ನವನ್ನು ಹಿತ್ತಿಲಿಗೆ ಒಯ್ದು, ತಾವೇ ಗುಂಡಿ ತೋಡಿ ಹೂತರು.

ಆಮೇಲೆ ತಿಂಗಳುಗಟ್ಟಲೆ ಗುಳಿಗೆ ನುಂಗಿದರು, ಬೆಳಗಾವಿಗೆ ಹೋಗಿ ಪಿತ್ತಕೋಶ ತೆಗೆಸಿಕೊಂಡರು. ಮತ್ತೆ ಮತ್ತೆ ಮಾಡಿಸಿದ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಸೋಪಿನಿಂದ ಕೈ ತೊಳೆದು ಆರಾಮಾಗಿ ಅಡುಗೆ ಮಾಡಬಹುದೆಂದು ಡಾಕ್ಟರೇ ಹೇಳಿದರು. ಅತ್ಯಾ ಮಾಡಲಿಲ್ಲ. ಈಗಲೂ ಪಡಸಾಲೆಯಲ್ಲಿ ಕುಳಿತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾರೆ, ನನ್ನ ಜೊತೆ ನಗುನಗುತ್ತಲೇ ಮಾತಾಡುತ್ತಾರೆ.

ಹೋದ ತಿಂಗಳು ಊರಿಗೆ ಹೋದಾಗ ತಡೆಯಲಾಗಲಿಲ್ಲ. ನರೆತ ಮೀಸೆಯ ಗಂಡಸು, ಅನ್ನ ಮೊಸರಿನ ಬೋಗುಣಿಯನ್ನು ಅವರ ಮುಂದಿಟ್ಟು ಅಂಗೈ ಚಾಚಿ ಕುಳಿತೆ.

"ಒಂದ ತುತ್ತು ಹಾಕ್ರಿ ಅತ್ಯಾ. ನಿಮಗ ಏನೂ ಇಲ್ಲಂತ ಡಾಕ್ಟರು ಹೇಳ್ಯಾರ."

ಅವರು ನನ್ನ ಅಂಗೈಯನ್ನು ನೋಡಿದರು.

"ಖರೆ ಅದ. ಆದ್ರ ಅವತ್ತ ಬರಬ್ಯಾಡ್ರಿ ಅಂದಾವ ಡಾಕ್ಟರಲ್ಲಪಾ, ನೀನು," ಎಂದು ಬೋಗುಣಿಯನ್ನು ನನ್ನತ್ತ ಸರಿಸಿದರು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾಲಾದರೂ ಹಿಡಿಯುತ್ತಿದ್ದೆ.